ಮ್ಯಾನೇಜರ್ ಹೋಗ್ತಾರೆ, ಅವರು ಕೊಂಡವರು ಉಳೀತಾರೆ

ಲಿವರ್‌ಪೂಲ್‌ನಲ್ಲಿದ್ದೇನೆ ಅಂದ ಕೂಡಲೇ ಊರಿನಿಂದ ಮಾತಾಡುವವರೆಲ್ಲ ಕೇಳುವುದು ಒಂದೇ: “ಆನ್‌ಫೀಲ್ಡ್‌ಗೆ ಎಷ್ಟು ಸಲ ಹೋದೆ?” ನಾನು ಬಾಡಿಗೆಗಿರುವುದು ವಾಲ್ಟನ್‌ನಲ್ಲಿ. ಸ್ಟ್ಯಾನ್ಲಿ ಪಾರ್ಕ್ ದಾಟಿದರೆ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಮೈದಾನ ಆನ್‌ಫೀಲ್ಡ್ ಸಿಗುತ್ತದೆ, ನಿಜ. ಆದರೆ ಪಾರ್ಕಿನ ಈಚೆ ಬದಿ ಊರಿನ ಇನ್ನೊಂದು ಕ್ಲಬ್ ಎವರ್ಟನ್‌ನದು. ನಮ್ಮ ಬೀದಿಯ ಕಿಟಕಿಗಳಲ್ಲಿ ಕಾಣುವ ಬಾವುಟ ನೀಲಿ, ಸೋಮವಾರ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಕಾಣುವ ಜೋಲುಮೋರೆಗಳೂ ಆ ನೀಲಿಯವರದೇ.

ಎವರ್ಟನ್ ಸಣ್ಣ ಕ್ಲಬ್ಬೇನಲ್ಲ. ಇಂಗ್ಲೆಂಡಿನ ಲೀಗನ್ನು 9 ಸಲ ಗೆದ್ದಿದೆ, 1954ರಿಂದ ಒಮ್ಮೆಯೂ ಮೇಲಿನ ದರ್ಜೆಯಿಂದ ಕೆಳಗೆ ಬಿದ್ದಿಲ್ಲ. ಕಷ್ಟ ಏನೆಂದರೆ, ಕೊನೆಯ ಲೀಗ್ ಗೆಲುವು 1987ರದು, ಕೊನೆಯ ಕಪ್ 1995ರ ಎಫ್‌ಎ ಕಪ್. ನಮ್ಮ ಆರ್‌ಸಿಬಿಯವರು ಹದಿನೆಂಟನೇ ಸೀಸನ್‌ನಲ್ಲಾದರೂ ಕಪ್ ಎತ್ತಿದರು. ಅಲ್ಲಿಯವರೆಗೆ ‘ಈ ಸಲ ಕಪ್ ನಮ್ದೇ’ ಅಂತ ಕೂಗುವುದಕ್ಕಾದರೂ ನಮಗೆ ಬಾಯಿತ್ತು. ನಾನು ಬಂದ ಮೇಲೆ ಇವರು ಹೇಳಿಕೊಂಡದ್ದೆಲ್ಲ ‘ಈ ಸಲ ಬೀಳದಿದ್ದರೆ ಸಾಕು’ ಅಂತಲೇ. ಇಪ್ಪತ್ತು ತಂಡಗಳಲ್ಲಿ ಕೊನೆಯ ಮೂರು ಕೆಳಗಿನ ದರ್ಜೆಗೆ ಹೋಗುತ್ತವೆ. ಐಪಿಎಲ್‌ನಲ್ಲಿ ಹತ್ತನೇ ಸ್ಥಾನ ಬಂದರೆ ಮುಂದಿನ ವರ್ಷ ಮತ್ತೆ ಆಡಬಹುದು. ಇಲ್ಲಿ ಹಾಗಿಲ್ಲ, ಅದಕ್ಕೇ ಇಲ್ಲಿಯವರ ಕೋಪಕ್ಕೆ ಭಯವೂ ಬೆರೆತಿರುತ್ತದೆ.

ಇನ್ನೊಂದು ವಿಚಿತ್ರ ಹೇಳಬೇಕು. ಶನಿವಾರ ಮಧ್ಯಾಹ್ನ 3 ಗಂಟೆಗೆ ಶುರುವಾಗುವ ಪಂದ್ಯಗಳು ಈ ದೇಶದ ಟಿವಿಯಲ್ಲಿ ಬರುವುದಿಲ್ಲ. 2.45ರಿಂದ 5.15ರವರೆಗೆ ನೇರಪ್ರಸಾರವೇ ಇಲ್ಲ. ದೊಡ್ಡ ತಂಡಗಳ ಆಟವನ್ನು ಜನ ಮನೆಯಲ್ಲೇ ಕೂತು ನೋಡಿಬಿಟ್ಟರೆ ಸಣ್ಣ ಕ್ಲಬ್ಬುಗಳ ಗೇಟು ಖಾಲಿ ಹೊಡೆಯುತ್ತದೆ ಅಂತ 1960ರ ದಶಕದಲ್ಲಿ ಮಾಡಿಕೊಂಡ ಏರ್ಪಾಡು. ಹಾಗಾಗಿ ನನ್ನ ತಮ್ಮ ಊರಲ್ಲಿ ಫೋನಿನಲ್ಲಿ ನೋಡುತ್ತಿದ್ದ ಪಂದ್ಯವನ್ನು ನಾನು ಎವರ್ಟನ್‌ನ ಆಗಿನ ಮೈದಾನ ಗುಡಿಸನ್ ಪಾರ್ಕ್‌ನ ಪಕ್ಕದ ಬೀದಿಯಲ್ಲಿದ್ದು ಕಿವಿಯಲ್ಲಿ ಕೇಳುತ್ತಿದ್ದೆ. ಪಕ್ಕದ ಮನೆಯ ಹಿರಿಯರು, ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದವರು, ಮಂಡಿನೋವಿನಿಂದ ಮೈದಾನಕ್ಕೆ ಹೋಗಲಾಗದ ದಿನ ಹಿತ್ತಲಲ್ಲಿ ನಿಂತು ಸದ್ದಿನಲ್ಲೇ ಸ್ಕೋರು ಹೇಳುತ್ತಿದ್ದರು. “ಇದು ಪೋಸ್ಟಿಗೆ ಬಡಿದದ್ದು.” “ಇದು ಎದುರಾಳಿ ಗೋಲು.” ಗೋಲು ಬಿಟ್ಟಾಗ ಒಂದು ಕ್ಷಣ ಮೌನ, ಆಮೇಲೆ ಸೀಟುಗಳು ಪಟಪಟ ಮಡಚುವ ಶಬ್ದ. ಎದ್ದು ಹೊರಟವರದು. ಅದನ್ನು ಗುರುತಿಸುವುದನ್ನು ನಾನೂ ಕಲಿತೆ.

ಅವರ ಮೊಮ್ಮಗಳು ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅಜ್ಜ ಮೊಮ್ಮಗಳ ನಡುವೆ ಪ್ರತಿ ವಾರಾಂತ್ಯ ಒಂದೇ ಜಗಳ. ಸೋಲಿಗೆ ಕಾರಣ ಮ್ಯಾನೇಜರ್ (ತಂಡದ ಮುಖ್ಯ ಕೋಚ್‌ಗೆ ಇಲ್ಲಿ ಹಾಗನ್ನುತ್ತಾರೆ) ಅಂತ ಅಜ್ಜ, ಆಟಗಾರರನ್ನು ಕೊಂಡುಕೊಂಡ ರೀತಿ ಅಂತ ಮೊಮ್ಮಗಳು. ಇವರಿಬ್ಬರ ನಡುವೆ ಕೂತೇ ನಾನು ಫುಟ್‌ಬಾಲಿನ ಹಣಕಾಸು ಕಲಿತದ್ದು. ಈಗಲೇ ಹೇಳಿಬಿಡುತ್ತೇನೆ, ನನ್ನ ವೋಟು ಮೊಮ್ಮಗಳಿಗೆ.

2017ರ ಬೇಸಿಗೆಯಿಂದ ಶುರುಮಾಡೋಣ, ಈ ಬೀದಿಯಲ್ಲಿ ಎಲ್ಲ ವಾದವೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಫರ್ಹಾದ್ ಮೊಶಿರಿ ಎಂಬ ಶ್ರೀಮಂತರು 2016ರಲ್ಲಿ ಕ್ಲಬ್‌ನ ಅರ್ಧದಷ್ಟು ಪಾಲು ಕೊಂಡಿದ್ದರು. ಕೈಯಲ್ಲಿ ಹಣವಿತ್ತು. ಹಿಂದಿನ ಸೀಸನ್‌ನಲ್ಲಿ ಲೀಗ್‌ನಲ್ಲೇ 25 ಗೋಲು ಹೊಡೆದಿದ್ದ ರೊಮೆಲು ಲುಕಾಕು ಮ್ಯಾಂಚೆಸ್ಟರ್ ಯುನೈಟೆಡ್‌ಗೆ 7.5 ಕೋಟಿ ಪೌಂಡ್‌ಗೆ ಹೋದರು. ಆ ಹಣದಲ್ಲಿ ಇನ್ನೊಬ್ಬ ಗೋಲು ಹೊಡೆಯುವವನನ್ನು ತರಬೇಕಿತ್ತು ತಾನೆ? ಬಂದವರು ಆಯಾಕ್ಸ್‌ನ ಡೇವಿ ಕ್ಲಾಸನ್, ಸ್ವಾನ್ಸಿಯ ಗಿಲ್ಫಿ ಸಿಗುರ್ಡ್‌ಸನ್, ಜೊತೆಗೆ ಹುಟ್ಟೂರಿನ ಕ್ಲಬ್ಬಿಗೆ ಮರಳಿದ ವೇಯ್ನ್ ರೂನಿ. ಮೂವರೂ ಸ್ಟ್ರೈಕರ್‌ನ ಬೆನ್ನ ಹಿಂದೆ ನಿಂತು ಆಡುವ ‘ನಂಬರ್ ಟೆನ್’ಗಳು.

ಇದನ್ನು ನನಗೆ ಅರ್ಥಮಾಡಿಸಿದ್ದು ಮೀನು-ಚಿಪ್ಸ್ ಅಂಗಡಿಯ ಮೇಜಿನ ಮೇಲೆ. ಅಜ್ಜ ಉಪ್ಪಿನ ಡಬ್ಬಿ, ವಿನಿಗರ್ ಬಾಟಲಿ, ಸಾಸ್ ಬಾಟಲಿ ಮೂರನ್ನೂ ಮೇಜಿನ ನಡುವೆ ಒತ್ತೊತ್ತಾಗಿ ಇಟ್ಟರು. ಅವುಗಳ ಮುಂದಿನ ಜಾಗವೆಲ್ಲ ಖಾಲಿ. “ನೋಡು ಮಗಾ, ಇದೇ ನಮ್ಮ ತಂಡ. ಮೂವರೂ ಚೆಂದದ ಪಾಸ್ ಕೊಡ್ತಾರೆ. ತಗೊಳ್ಳೋರು ಯಾರು?” ಮೊಮ್ಮಗಳು ಒಂದು ಚಿಪ್ ತೆಗೆದು ಮುಂದಿಟ್ಟು “ಸ್ಯಾಂಡ್ರೊ ಇದ್ದನಲ್ಲ ಅಜ್ಜಾ” ಅಂದಳು. ಅಜ್ಜ ಅದನ್ನು ಎತ್ತಿ ತಿಂದುಬಿಟ್ಟರು.

ಸ್ಯಾಂಡ್ರೊ ರಾಮಿರೆಜ್ ಕಥೆ ಮೊಮ್ಮಗಳ ಅಚ್ಚುಮೆಚ್ಚಿನ ಉದಾಹರಣೆ. ಮಲಗಾದಿಂದ ಸುಮಾರು 52 ಲಕ್ಷ ಪೌಂಡ್‌ಗೆ ಬಂದ ಸ್ಟ್ರೈಕರ್. ಪೇಪರಿನಲ್ಲಿ ‘ಅಗ್ಗ’ ಅಂತ ಬಂತು. ಆದರೆ ಸಂಬಳ ದೊಡ್ಡದು, ಕರಾರು ವರ್ಷಗಟ್ಟಲೆಯದು. ಲೀಗ್‌ನಲ್ಲಿ ಒಂದು ಗೋಲೂ ಬರಲಿಲ್ಲ. ಮಾರೋಣ ಅಂದರೆ ಆ ಸಂಬಳ ಕೊಡುವವರು ಯಾರು? ಸೆವಿಯಾ, ರಿಯಲ್ ಸೊಸಿಯೆದಾದ್, ವಯ್ಯಾದೊಲಿದ್ ಅಂತ ಸ್ಪೇನಿನ ಮೂರು ಕ್ಲಬ್ಬುಗಳಿಗೆ ಒಂದಾದ ಮೇಲೊಂದು ಎರವಲು ಕೊಟ್ಟು, 2020ರಲ್ಲಿ ಸಂಬಂಧ ಕಡಿದುಕೊಂಡರು. ಅವರನ್ನು ಬರಮಾಡಿಕೊಂಡ ಮ್ಯಾನೇಜರ್ ರೊನಾಲ್ಡ್ ಕೂಮನ್ 2017ರ ಅಕ್ಟೋಬರ್‌ನಲ್ಲೇ, ಆರ್ಸೆನಲ್ ಎದುರು ಮನೆಯಂಗಳದಲ್ಲಿ 5-2 ಸೋತ ಮಾರನೇ ದಿನ, ಮನೆಗೆ ಹೋಗಿದ್ದರು. ಕ್ಲಾಸನ್ ಒಂದೇ ಸೀಸನ್‌ಗೆ, ಕೊಟ್ಟದ್ದರ ಅರ್ಧ ಬೆಲೆಗೆ ಜರ್ಮನಿಗೆ ಹೋದರು.

ಇಲ್ಲಿ ಸ್ವಲ್ಪ ಲೆಕ್ಕ, ಯಾಕೆಂದರೆ ನಾವು ಐಪಿಎಲ್ ಹರಾಜಿನ ಕಣ್ಣಿನಿಂದ ನೋಡಿ ಮೋಸಹೋಗುತ್ತೇವೆ. ಹರಾಜಿನಲ್ಲಿ ಕೂಗಿದ ಹಣ ಆಟಗಾರನ ಸಂಬಳ. ಇಲ್ಲಿ ವರ್ಗಾವಣೆ ಮೊತ್ತ ಹೋಗುವುದು ಅವನ ಹಳೆಯ ಕ್ಲಬ್ಬಿಗೆ. ಸಂಬಳ ಬೇರೆ, ವಾರಕ್ಕಿಷ್ಟು ಅಂತ. ಆ ಮೊತ್ತವನ್ನು ಕ್ಲಬ್ಬಿನ ಪುಸ್ತಕದಲ್ಲಿ ಕರಾರಿನ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಸಿಗುರ್ಡ್‌ಸನ್‌ಗೆ ಎಲ್ಲ ಸೇರಿ 4.5 ಕೋಟಿ ಪೌಂಡ್ ಅಂತ ಆಗ ವರದಿಯಾಗಿತ್ತು, ಕರಾರು 5 ವರ್ಷದ್ದು. ಅಂದರೆ ವರ್ಷಕ್ಕೆ 90 ಲಕ್ಷ ಖರ್ಚು. ಎರಡು ವರ್ಷ ಕಳೆದು ಮಾರಿದರೂ 2.7 ಕೋಟಿ ಸಿಗದಿದ್ದರೆ ಪುಸ್ತಕದಲ್ಲಿ ನಷ್ಟ. ಹಾಗಾಗಿ ಬೇಡವಾದವನನ್ನೂ ಇಟ್ಟುಕೊಳ್ಳುತ್ತಾರೆ. ಹೊಸ ಮ್ಯಾನೇಜರ್ ಬಂದು ‘ನನ್ನ ಆಟದ ಶೈಲಿಗೆ ಇವರು ಆಗುವುದಿಲ್ಲ’ ಅನ್ನುತ್ತಾರೆ, ತಮಗೆ ಬೇಕಾದ ನಾಲ್ವರನ್ನು ತರಿಸಿಕೊಳ್ಳುತ್ತಾರೆ, ಒಂದೂವರೆ ವರ್ಷಕ್ಕೆ ಹೋಗುತ್ತಾರೆ. ಆ ನಾಲ್ವರು ಮುಂದಿನವರ ತಲೆಗೆ.

ಮೊಶಿರಿ ಕಾಲದಲ್ಲಿ ನೇಮಕವಾದ ಮ್ಯಾನೇಜರ್‌ಗಳ ಸಾಲು ನೋಡಿ: ಕೂಮನ್, ಅಲರ್ಡೈಸ್, ಮಾರ್ಕೊ ಸಿಲ್ವಾ, ಆಂಚೆಲೊಟ್ಟಿ, ಬೆನಿಟೆಜ್, ಲ್ಯಾಂಪಾರ್ಡ್, ಡೈಚ್. ನಡುವೆ ತಾತ್ಕಾಲಿಕವಾಗಿ ನಿಂತವರು ಬೇರೆ. ಒಬ್ಬರ ಆಟಕ್ಕೂ ಇನ್ನೊಬ್ಬರ ಆಟಕ್ಕೂ ಸಂಬಂಧವಿಲ್ಲ. ಅಲರ್ಡೈಸ್ ತಂಡವನ್ನು ಎಂಟನೇ ಸ್ಥಾನಕ್ಕೆ ತಂದರು, ಜನರಿಗೆ ಆಟ ನೋಡಲಾಗಲಿಲ್ಲ. ಕ್ಲಬ್ಬೇ ಅಭಿಮಾನಿಗಳಿಗೆ ಇಮೇಲ್ ಕಳಿಸಿ, ಮ್ಯಾನೇಜರ್‌ಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಅಂತ ಕೇಳಿತು! ಕೆಲಸದಲ್ಲಿರುವ ಮನುಷ್ಯನ ಬಗ್ಗೆ. ಅಜ್ಜ ಆ ಇಮೇಲನ್ನು ಮುದ್ರಿಸಿ ಇಟ್ಟುಕೊಂಡಿದ್ದಾರೆ. ಕೊಟ್ಟ ಅಂಕ ಎಷ್ಟು ಅಂತ ಮಾತ್ರ ಹೇಳುವುದಿಲ್ಲ.

ಬೆನಿಟೆಜ್ ವಿಷಯ ತೆಗೆದರೆ ಮಾತ್ರ ಅಜ್ಜ ಮೊಮ್ಮಗಳು ಒಂದೇ ಪಕ್ಷ. ಪಾರ್ಕಿನ ಆಚೆಯ ಲಿವರ್‌ಪೂಲ್ ಕ್ಲಬ್ಬಿನ ಮ್ಯಾನೇಜರ್ ಆಗಿದ್ದಾಗ ಎವರ್ಟನ್ನನ್ನು ‘ಸಣ್ಣ ಕ್ಲಬ್’ ಅಂದಿದ್ದವರು ಅವರು. ಅವರನ್ನೇ 2021ರಲ್ಲಿ ಕರೆತಂದರು. ಎಡ ಬದಿಯ ರಕ್ಷಣೆಯಲ್ಲಿ ಚೆನ್ನಾಗಿ ಆಡುತ್ತಿದ್ದ, ಜನರಿಗೆ ಪ್ರಿಯನಾಗಿದ್ದ ಲೂಕಾ ಡೀನ್ಯ ಜೊತೆ ಅವರಿಗೆ ಮನಸ್ತಾಪವಾಯಿತು. 2022ರ ಜನವರಿ 13ರಂದು ಡೀನ್ಯರನ್ನು ಆಸ್ಟನ್ ವಿಲ್ಲಾಗೆ ಮಾರಿದರು. ಜನವರಿ 16ರಂದು ಬೆನಿಟೆಜ್‌ರನ್ನೇ ತೆಗೆದರು. ನಡುವೆ ಮೂರು ದಿನ! ಜಗಳವಾಡಿದ ಇಬ್ಬರೂ ಹೋದರು. ನನ್ನ ಆಫೀಸಿನ ಸಹೋದ್ಯೋಗಿಯೊಬ್ಬರು ಇವತ್ತಿಗೂ ಯಾರಾದರೂ ಮೀಟಿಂಗಿನಲ್ಲಿ ಆತುರದ ತೀರ್ಮಾನ ತೆಗೆದುಕೊಂಡರೆ “ಡೀನ್ಯರನ್ನು ಮಾರ್ತಿದ್ದೀರಾ?” ಅಂತ ಕೇಳುತ್ತಾರೆ.

ಅಜ್ಜನ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಡೈಚ್ 2023ರ ಜನವರಿ ಕೊನೆಯಲ್ಲಿ ಬಂದಾಗ ಆ ತಿಂಗಳು ಕ್ಲಬ್ ಒಬ್ಬ ಹೊಸ ಆಟಗಾರನನ್ನೂ ಕೊಂಡಿರಲಿಲ್ಲ. ಅದೇ ತಂಡ, ಅದೇ ಕಾಲುಗಳು. ಮೊದಲ ಪಂದ್ಯದಲ್ಲೇ ಆಗ ಅಗ್ರಸ್ಥಾನದಲ್ಲಿದ್ದ ಆರ್ಸೆನಲ್‌ಗೆ 1-0 ಸೋಲು. ಮೇ 28ರಂದು, ಸೀಸನ್‌ನ ಕೊನೆಯ ದಿನ, ಬೋರ್ನ್‌ಮತ್ ಎದುರು ಡುಕುರೆ ಹೊಡೆದ ಒಂದೇ ಗೋಲಿನಿಂದ ಪಾರಾದರು. ಹೀಗಿರುವಾಗ ಮ್ಯಾನೇಜರ್‌ನಿಂದ ಏನೂ ಬದಲಾಗದು ಅಂತ ಹೇಗೆ ಹೇಳುವುದು? ಅಭಿಮಾನಿ ಮ್ಯಾನೇಜರ್ ಮೇಲೆ ಹರಿಹಾಯುವುದಕ್ಕೆ ಇನ್ನೂ ಸರಳ ಕಾರಣ ಇದೆ ಅನ್ನಿಸುತ್ತದೆ ನನಗೆ. ಸೀಸನ್ ನಡುವೆ ಬದಲಾಯಿಸಲು ಸಾಧ್ಯವಿರುವುದು ಅವರೊಬ್ಬರನ್ನೇ. ಮಾಲೀಕನನ್ನು ತೆಗೆಯುವ ಹಾಗಿಲ್ಲ, ಆಟಗಾರರನ್ನು ಕೊಂಡು ಮಾರುವ ‘ವರ್ಗಾವಣೆಯ ಕಿಟಕಿ’ ಬೇಸಿಗೆಯಲ್ಲಿ ಮತ್ತು ಜನವರಿಯಲ್ಲಿ ಮಾತ್ರ ತೆರೆಯುತ್ತದೆ. ನವೆಂಬರ್‌ನ ಮಳೆಯಲ್ಲಿ 3-0 ಸೋತು ಬಂದವನು ಇನ್ಯಾರನ್ನು ಬೈಯಬೇಕು?

ಬಿಲ್ಲು ಕೊನೆಗೆ ಬಂದೇ ಬಂತು. ಮೇಲಿನ ದರ್ಜೆಯ ಲೀಗ್ ಆದ ಪ್ರೀಮಿಯರ್ ಲೀಗ್‌ನ ಆಗಿನ ನಿಯಮದ ಪ್ರಕಾರ ಕ್ಲಬ್ಬೊಂದು ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್‌ವರೆಗೆ ನಷ್ಟ ಮಾಡಿಕೊಳ್ಳಬಹುದಿತ್ತು. ಎವರ್ಟನ್‌ನ ನಷ್ಟ ಅದಕ್ಕಿಂತ 1.95 ಕೋಟಿ ಹೆಚ್ಚಿತ್ತು. 2023ರ ನವೆಂಬರ್ 17ರಂದು 10 ಅಂಕ ಕಿತ್ತುಕೊಂಡರು. ಮುಂದಿನ ಮನೆಯಂಗಳದ ಪಂದ್ಯದಲ್ಲಿ ಹತ್ತನೇ ನಿಮಿಷಕ್ಕೆ ಸ್ಟೇಡಿಯಂ ತುಂಬ ಗುಲಾಬಿ ಬಣ್ಣದ ಕಾರ್ಡುಗಳು ಮೇಲೆದ್ದವು, ಲೀಗನ್ನು ಭ್ರಷ್ಟ ಅನ್ನುವ ಬರಹದೊಂದಿಗೆ. ಮೇಲ್ಮನವಿಯಲ್ಲಿ ದಂಡ 6 ಅಂಕಕ್ಕೆ ಇಳಿಯಿತು. ಏಪ್ರಿಲ್‌ನಲ್ಲಿ ಇನ್ನೊಂದು ಪ್ರಕರಣಕ್ಕೆ ಮತ್ತೆ 2 ಹೋಯಿತು. ಅಂಕ ಹೋದ ದಿನ ಮೊಮ್ಮಗಳು ‘ನಾನು ಹೇಳಿರಲಿಲ್ಲವಾ’ ಅನ್ನಲಿಲ್ಲ. ಅಜ್ಜನಿಗೆ ಟೀ ಮಾಡಿಕೊಟ್ಟಳು.

ಆ ಲೆಕ್ಕದ ನಿಯಮದಲ್ಲೇ ಇನ್ನೊಂದು ಕ್ರೌರ್ಯವಿದೆ. ಕ್ಲಬ್ಬೇ ಚಿಕ್ಕಂದಿನಿಂದ ಬೆಳೆಸಿದ ಹುಡುಗನಿಗೆ ಪುಸ್ತಕದಲ್ಲಿ ಬೆಲೆ ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ಹಾಗಾಗಿ ಹಣದ ಮುಗ್ಗಟ್ಟು ಬಂದಾಗ ಮೊದಲು ಹೋಗುವವನು ಮನೆಯ ಹುಡುಗ. ಇದೇ ಊರಲ್ಲಿ ಹುಟ್ಟಿ ಎವರ್ಟನ್ ಅಕಾಡೆಮಿಯಲ್ಲಿ ಬೆಳೆದ ಆಂಟನಿ ಗಾರ್ಡನ್ 2023ರ ಜನವರಿಯಲ್ಲಿ ಸುಮಾರು 4 ಕೋಟಿ ಪೌಂಡ್‌ಗೆ ನ್ಯೂಕ್ಯಾಸಲ್‌ಗೆ ಹೋದ. ಅವನು ಹೋದ ರೀತಿಗೆ ಬೀದಿಯವರೆಲ್ಲ ಅವನನ್ನೇ ಬೈದರು. ಸ್ಯಾಂಡ್ರೊಗೂ ಕ್ಲಾಸನ್‌ಗೂ ಮಾಡಿದ ಖರ್ಚಿಗೆ ಆ ಹುಡುಗ ತೆತ್ತ ಅಂತ ನನಗನ್ನಿಸುತ್ತದೆ. ಈ ಮಾತನ್ನು ಬಸ್ ಸ್ಟಾಪಿನಲ್ಲಿ ಹೇಳುವ ಧೈರ್ಯ ನನಗಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಈ ಎಲ್ಲದರ ಎದುರು ಅಜ್ಜ ಇಡುವ ಹೆಸರು ಶೇಮಸ್ ಕೋಲ್ಮನ್. 2009ರಲ್ಲಿ ಐರ್ಲೆಂಡಿನ ಸ್ಲೈಗೊ ರೋವರ್ಸ್‌ನಿಂದ 60 ಸಾವಿರ ಪೌಂಡ್‌ಗೆ ಬಂದ ಹುಡುಗ, ಮುಂದೆ ನಾಯಕನಾದ. ಸಿಗುರ್ಡ್‌ಸನ್‌ಗೆ ಕೊಟ್ಟ ಹಣದಲ್ಲಿ ಇಂಥವರು 750 ಮಂದಿ ಬರುತ್ತಿದ್ದರು, ಲೆಕ್ಕ ಮೊಮ್ಮಗಳದು. ಕೋಲ್ಮನ್‌ರನ್ನು ತಂದ ಮ್ಯಾನೇಜರ್ ಡೇವಿಡ್ ಮೋಯ್ಸ್. 2002ರಿಂದ 2013ರವರೆಗೆ 11 ವರ್ಷ ಇದ್ದರು, ಕೈಯಲ್ಲಿ ದೊಡ್ಡ ಹಣ ಇರಲಿಲ್ಲ, ಹುಡುಕಿ ಹುಡುಕಿ ತರುತ್ತಿದ್ದರು. 2025ರ ಜನವರಿಯಲ್ಲಿ ಅವರನ್ನೇ ವಾಪಸ್ ಕರೆಸಿಕೊಂಡರು. ಅದಕ್ಕೆ ಕೆಲವೇ ವಾರ ಮೊದಲು ಅಮೆರಿಕದ ಫ್ರೀಡ್ಕಿನ್ ಗ್ರೂಪ್ ಕ್ಲಬ್ಬನ್ನು ಕೊಂಡಿತ್ತು. ತಂಡ 13ನೇ ಸ್ಥಾನದಲ್ಲಿ ಮುಗಿಸಿತು, ಬೀದಿಯವರು ಹಬ್ಬ ಮಾಡಿದರು.

1892ರಿಂದ ಆಡಿದ ಗುಡಿಸನ್ ಪಾರ್ಕ್‌ನಲ್ಲಿ ಈಗ ಮಹಿಳೆಯರ ತಂಡ ಆಡುತ್ತದೆ. ಪುರುಷರು ನದಿದಂಡೆಯ ಬ್ರ್ಯಾಮ್ಲಿ-ಮೂರ್ ಡಾಕ್‌ನಲ್ಲಿ ಕಟ್ಟಿದ ಹೊಸ ಸ್ಟೇಡಿಯಂಗೆ ಹೋದರು. ಸುಮಾರು 53 ಸಾವಿರ ಆಸನ. ಅಜ್ಜ ದುಡಿದ ಹಡಗುಕಟ್ಟೆಗಳ ಸಾಲಿನಲ್ಲೇ ಅದು ನಿಂತಿದೆ. ಹಿತ್ತಲಿಗೆ ಆ ಸದ್ದು ಬರುವುದಿಲ್ಲ, ರೇಡಿಯೊ ಹಚ್ಚಬೇಕು.

ಜಗಳ ಮಾತ್ರ ಜಾಗ ಬದಲಿಸಿಲ್ಲ. ಈಗಿನ ವಿಷಯ 2025ರ ಬೇಸಿಗೆಯಲ್ಲಿ ವಿಯ್ಯಾರಿಯಲ್‌ನಿಂದ ಸುಮಾರು 2.7 ಕೋಟಿಗೆ ತಂದ ಸ್ಟ್ರೈಕರ್ ಟಿಯರ್ನೊ ಬ್ಯಾರಿ. ತಿಂಗಳುಗಟ್ಟಲೆ ಗೋಲೇ ಬರಲಿಲ್ಲ. ಆಗ ಮೋಯ್ಸ್ ಅವನನ್ನು ಆಡಿಸುವ ರೀತಿಯೇ ಸರಿಯಿಲ್ಲ ಅಂತ ಅಜ್ಜ, ಹುಡುಗನಿಗೆ ಸಮಯ ಕೊಡಿ ಅಂತ ಮೊಮ್ಮಗಳು. ಎಷ್ಟು ವರ್ಷದ ಕರಾರು ಅಂತ ನಾನು ಕೇಳಿದೆ. “ನಾಲ್ಕು” ಅಂದಳು. ವರ್ಷಕ್ಕೆ 67 ಲಕ್ಷದ 50 ಸಾವಿರ ಅಂತ ನಾನು ಬಾಯಲ್ಲೇ ಲೆಕ್ಕ ಹಾಕಿದ್ದಕ್ಕೆ ಅಜ್ಜ ನನ್ನನ್ನು ಕೆಕ್ಕರಿಸಿ ನೋಡಿ, “ನೀನೂ ಅವಳ ಪಾರ್ಟಿ ಸೇರ್ಕೊಂಡೆಯಾ? 1920ರ ದಶಕದಲ್ಲಿ ನಮ್ಮ ಸ್ಟ್ರೈಕರ್ ಡಿಕ್ಸಿ ಡೀನ್‌ಗೆ ಕೊಟ್ಟಿದ್ದು ಮೂರು ಸಾವಿರ ಪೌಂಡು. ಒಂದೇ ಸೀಸನ್‌ನಲ್ಲಿ ಅರವತ್ತು ಗೋಲು. ಅದನ್ನೂ ಭಾಗಾಕಾರ ಮಾಡು” ಅಂದರು.