ಕಂಬಳಿ ಹೊತ್ತು ಹೋದ ಭಾನುವಾರ

ಮೂರು ದಶಕ ಹಿಂದಿ ಕಲಿಸಿದ ಮೇಷ್ಟ್ರು ನಾನು. ದಾವಣಗೆರೆಯಲ್ಲಿ ಆ ಭಾಷೆ ಪರೀಕ್ಷೆಗೆ ಒದಗಿದಷ್ಟು ಬಾಯಿಗೆ ಒದಗುವುದಿಲ್ಲ. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ನಮ್ಮ ಚರ್ಚಿನ ಸಭಾಪಾಲಕರು, "ಮೇಷ್ಟ್ರೇ, ಕುಂದವಾಡ ಕೆರೆಯ ಕಡೆ ಉತ್ತರದಿಂದ ಬಂದ ಕಟ್ಟಡ ಕೆಲಸದವರಿದ್ದಾರೆ. ಕ್ರಿಸ್‌ಮಸ್‌ಗೆ ಮುಂಚೆ ಕಂಬಳಿ ಕೊಟ್ಟು ಬರೋಣ, ಮಾತನಾಡಲು ನೀವು ಬೇಕು" ಎಂದಾಗ ಒಳಗೊಳಗೇ ಹಿಗ್ಗಿದೆ.

ಹೊರಡುವ ಮೊದಲೇ ಒಂದು ತಕರಾರಾಯಿತು. ಕಂಬಳಿಯ ಮಡಿಕೆಯಲ್ಲಿ ಹಿಂದಿ ಕರಪತ್ರ ಇಡೋಣ ಎಂದರು ಯುವಕರು. ನಾನು ಬೇಡವೆಂದೆ. 2022ರ ಮತಾಂತರ ನಿಷೇಧ ಕಾಯ್ದೆಗೆ ಹೆದರಿ ಅಲ್ಲ. ಚಳಿಗೆ ನಡುಗುವವನು ಕಂಬಳಿಯನ್ನು ಬೇಡವೆನ್ನಲಾರ, ಹಾಗಾಗಿ ಚೀಟಿಯನ್ನೂ ಬೇಡವೆನ್ನಲಾರ. ಬೇಡವೆನ್ನಲಾಗದವನ ಕೈಗೆ ತುರುಕಿದ್ದು ಸುವಾರ್ತೆ ಹೇಗಾದೀತು? ಯುವಕರು ಮುಖ ಗಂಟಿಕ್ಕಿಕೊಂಡರು, ಕರಪತ್ರಗಳು ಕಚೇರಿಯಲ್ಲೇ ಉಳಿದವು.

ಲಗೇಜ್ ಆಟೋದಲ್ಲಿ 40 ಕಂಬಳಿ ಹೇರಿಕೊಂಡು ಹೋದೆವು. ತಗಡಿನ ಶೆಡ್ಡುಗಳು, ನಡುವೆ ಒಂದೇ ನಲ್ಲಿ. ಮೊದಲ ಶೆಡ್ಡಿನ ಮುಂದೆ ಕುಳಿತಿದ್ದವರು ಗಾರೆ ಕೆಲಸದವರು, ನಲವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಸಿಮೆಂಟು ಬೆಳ್ಳಗೆ ಒಣಗಿತ್ತು. ಕರಪತ್ರ ಬೇಡವೆಂದು ವಾದಿಸಿದ ನಾನೇ, ಸಿಕ್ಕ ಅವಕಾಶ ಬಿಡಲಾರದೆ, ಪಠ್ಯಪುಸ್ತಕದ ಹಿಂದಿಯಲ್ಲಿ ಶುರುಮಾಡಿದೆ: "ಯೇಸು ಎಂಬ ಮಹಾಪುರುಷರ ಬಗ್ಗೆ ತಾವು ಕೇಳಿರುವಿರಾ?"

ಅವರು ಕೈಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ, ಸಿಮೆಂಟ್ ಚೀಲದ ತುಂಡಿನಲ್ಲಿ ಸುತ್ತಿಟ್ಟಿದ್ದ ಪುಸ್ತಕವೊಂದನ್ನು ತಂದರು. ದೇವನಾಗರಿ ಲಿಪಿ, ಆದರೆ ಭಾಷೆ ಹಿಂದಿಯಲ್ಲ, ಜಾರ್ಖಂಡ್ ಕಡೆಯ ಆಡುನುಡಿ ಸಾದ್ರಿ. ಕೀರ್ತನೆಗಳ ಪುಸ್ತಕ. ಅಂಚುಗಳು ಎಣ್ಣೆ ಕುಡಿದು ಕಂದಾಗಿದ್ದವು.

ಅವರ ಊರು ಜಾರ್ಖಂಡ್‌ನ ಸಿಮ್ಡೇಗಾ ಕಡೆ. ಮುತ್ತಜ್ಜನ ಕಾಲದಿಂದಲೂ ಲೂಥರನ್ ಸಭೆಯವರು. ನಮ್ಮವರಿಗೆ ಸುವಾರ್ತೆ ತಂದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕಡೆಯವರಿಗೆ ತಂದ ಜರ್ಮನಿಯ ಗಾಸ್ನರ್ ಮಿಷನ್ನಿನವರು ರಾಂಚಿಗೆ ಬಂದದ್ದು 1845ರಲ್ಲಿ. ಬೆಟಗೇರಿಯ ಬಾಸೆಲ್ ಸಭೆಯಲ್ಲಿ ಬೆಳೆದು, ಹತ್ತಿ ಗಿರಣಿಯ ಕೂಲಿಗೆಂದು ದಾವಣಗೆರೆಗೆ ಬಂದ ನನ್ನ ತಾತನಿಗೂ ಈ ಮನುಷ್ಯನಿಗೂ ವ್ಯತ್ಯಾಸವೆಂದರೆ ರೈಲಿನ ದೂರ ಮಾತ್ರ. ನಾನೋ ಅವರಿಗೆ ಯೇಸುವನ್ನು ಪರಿಚಯ ಮಾಡಿಸಲು ಹೋಗಿದ್ದೆ! ಸಭಾಪಾಲಕರು ಕೆಮ್ಮಿದಂತೆ ಮಾಡಿ ನಗು ನುಂಗಿದರು.

ಅವರ ಮನೆಯಾಕೆ ಹಾಲಿಲ್ಲದ ಚಹಾ ಕೊಟ್ಟರು. ಜೊತೆಗೆ ಸಾಸಿವೆ ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿದ ಮಂಡಕ್ಕಿ. ಅವರ ಬಾಯಲ್ಲಿ ಅದು ಮುರ್ಹಿ. ಈ ಊರಿನಲ್ಲಿ ಅನ್ನ, ಸಾರು, ಮಾತು ಯಾವುದೂ ತಮಗೆ ಹತ್ತಲಿಲ್ಲ, ಇದೊಂದೇ ಮನೆಯದು ಎಂದರು ಆಕೆ. ಮಂಡಕ್ಕಿ ಭಟ್ಟಿಗಳ ಊರಿನವನಾದ ನನಗೆ ಸಾಸಿವೆ ಎಣ್ಣೆಯ ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಇನ್ನೊಂದು ಹಿಡಿ ತಿಂದೆ.

"ಹಾಗಿದ್ದರೆ ಚರ್ಚಿಗೆ ಏಕೆ ಬರಲಿಲ್ಲ?" ಎಂದೆ. ಹಾಜರಿ ಕೇಳುವ ಚಾಳಿ ನನ್ನದು.

"ಬಂದಿದ್ದೆವು, ಮಾಸ್ಟರ್‌ಜಿ." ಅಕ್ಟೋಬರಿನ ಒಂದು ಭಾನುವಾರ, ಅರ್ಧ ದಿನದ ಕೂಲಿ ಬಿಟ್ಟು, ಒಗೆದ ಅಂಗಿ ತೊಟ್ಟು ತಮ್ಮನೊಂದಿಗೆ ಬಂದಿದ್ದರಂತೆ. ಗೇಟಿನಲ್ಲಿ ಬಿಳಿ ಅಂಗಿಯ ಒಬ್ಬರು ಕಡತ ಹಿಡಿದು ನಿಂತಿದ್ದರು. ಬಾಯಿ ತೆರೆಯುವ ಮೊದಲೇ, "ಕೆಲಸವೇ? ಇಂದು ಆರಾಧನೆ ಇದೆ, ನಾಳೆ ಬಾ" ಎಂದು ಕಳಿಸಿದರಂತೆ.

ಅಕ್ಟೋಬರಿನಲ್ಲಿ ನಮ್ಮ ಕಾಂಪೌಂಡ್ ಗೋಡೆಯ ಗಾರೆ ನಡೆಯುತ್ತಿತ್ತು. ಖಜಾಂಚಿ ನಾನು. ಕಡತವೂ ನನ್ನದೇ, ಬಿಳಿ ಅಂಗಿಯೂ ನನ್ನದೇ. ಲೋಟದ ತಳದಲ್ಲಿದ್ದ ಚಹಾಪುಡಿಯನ್ನೇ ನೋಡುತ್ತ ಕುಳಿತೆ. ಹೇಳಲಿಲ್ಲ.

ಕಂಬಳಿಗಳನ್ನು ಹಂಚಿದವರು ಕೊನೆಗೆ ಅವರೇ. ಯಾವ ಶೆಡ್ಡಿನಲ್ಲಿ ಎಷ್ಟು ಜನ ಎಂಬುದು ಅವರಿಗೆ ಬಾಯಿಪಾಠ. ಮೊದಲನೆಯದು ಹಸುಗೂಸು ಇದ್ದ ಮುರ್ಷಿದಾಬಾದಿನ ಮುಸ್ಲಿಂ ದಂಪತಿಗೆ ಹೋಯಿತು. ನಮ್ಮಿಂದ ಅವರು ಕೇಳಿದ್ದು ಒಂದೇ: ಭಾನುವಾರ ಸಂಜೆ ಒಂದು ಗಂಟೆ ಕೂರಲು ಜಾಗ.

ಅದಕ್ಕೆ ಕಮಿಟಿಯಲ್ಲಿ ಎರಡು ವಾರ ಎಳೆದಾಡಿದರು. ವಿದ್ಯುತ್ ಬಿಲ್ಲು, ಕೆಸರು, ಅಕ್ಕಪಕ್ಕದವರು ಏನೆಂದಾರು. ಬೆಂಗಳೂರಿನಲ್ಲಿ ಬೆಳಿಗ್ಗೆ ಕನ್ನಡ, ಆಮೇಲೆ ತಮಿಳು ಎಂದು ಒಂದೇ ಚರ್ಚನ್ನು ಹಂಚಿಕೊಳ್ಳುತ್ತಾರೆ, ನಾಗಾ, ಮಿಜೋ ಜನ ತಮ್ಮ ಭಾಷೆಯಲ್ಲೇ ಆರಾಧಿಸುತ್ತಾರೆ ಎಂದು ಮಗಳಿಂದ ಕೇಳಿದ್ದನ್ನು ಹೇಳಿದೆ. "ಅದು ದೊಡ್ಡ ಊರು" ಎಂದರು ಹಿರಿಯರೊಬ್ಬರು. ಬೈಬಲಿನಲ್ಲಿ ಮತ್ತಾಯನ 25ನೇ ಅಧ್ಯಾಯ ತೆಗೆದು ಪರದೇಶಿಯನ್ನು ಸೇರಿಸಿಕೊಂಡ ಮಾತನ್ನು ಓದಿದೆ. ನಮ್ಮ ಮನೆಗಳಲ್ಲಿ ಪರದೇಶಿ ಎಂದರೆ ಬೈಗುಳ. ಓದುವಾಗ ಆ ಪದ ಗಂಟಲಲ್ಲಿ ತಡೆಯಿತು. ಬಿಳಿ ಅಂಗಿಯ ಸಂಗತಿಯನ್ನೂ ಅಂದೇ ಹೇಳಿಬಿಟ್ಟೆ. ಯಾರೂ ಮಾತನಾಡಲಿಲ್ಲ, ಬೀಗದ ಕೈ ಸಿಕ್ಕಿತು.

ಜನವರಿಯ ಎರಡನೇ ಭಾನುವಾರ 17 ಜನ ಬಂದರು. ಗಾರೆ ಮೆತ್ತಿದ ಚಪ್ಪಲಿಗಳನ್ನು ಹೊರಗೇ ಸಾಲಾಗಿ ಬಿಟ್ಟರು. ಬೆಳಿಗ್ಗೆ ನಾವು ಬೂಟು ಹಾಕಿಕೊಂಡೇ ಒಳಗೆ ಹೋಗಿದ್ದೆವು. ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿ ತಾಳ ಹಾಕಿದರು.

ಮುಗಿದ ಮೇಲೆ ಗೇಟು ಹಾಕುತ್ತಿದ್ದಾಗ ಅವರು ಕಾಂಪೌಂಡ್ ಗೋಡೆಯ ಮೇಲೆ ಅಂಗೈ ಆಡಿಸಿದರು. ಬೆರಳಿಗೆ ಪುಡಿ ಹತ್ತಿತು.

"ಮರಳು ಜಾಸ್ತಿಯಾಗಿದೆ, ಮಳೆಗಾಲಕ್ಕೆ ಬಿರುಕು ಬಿಡುತ್ತದೆ" ಎಂದರು. ಆಮೇಲೆ ನನ್ನ ಬಿಳಿ ಅಂಗಿಯನ್ನೇ ನೋಡುತ್ತ, ಮೀಸೆಯಡಿ ನಗುತ್ತ ಕೇಳಿದರು: "ನಾಳೆ ಬರಲೇ, ಮಾಸ್ಟರ್‌ಜಿ?"