ಸಂಡಿಗೆಯ ಪ್ರಶ್ನೆ ಮತ್ತು ಸ್ವಂತ ದುಡ್ಡಿನ ಪಾಠ

ಮೈಸೂರಿನಲ್ಲಿ ಮನೆಗಳ ತಾರಸಿಯ ಮೇಲೆ ಸೌರ ವಿದ್ಯುತ್ ಘಟಕ ಕೂರಿಸಿಕೊಡುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಮಾರಾಟದ ಕೆಲಸ ಮಾಡುತ್ತೇನೆ. ಕಳೆದ ವರ್ಷ ನನ್ನ ಸಂಬಳದಿಂದಲೇ 15,000 ರೂಪಾಯಿ ತೆತ್ತು, ಸಂಸ್ಥೆಗೆ ಯಾವ ಸಂಬಂಧವೂ ಇಲ್ಲದ ಹಿರಿಯರೊಬ್ಬರ ಬಳಿ ಹತ್ತು ವಾರ ಮಾರಾಟದ ಪಾಠ ಹೇಳಿಸಿಕೊಂಡೆ. ಹನ್ನೊಂದು ವರ್ಷದ ಅನುಭವ ಇರುವವನು ಟ್ಯೂಷನ್‌ಗೆ ಹೋಗುತ್ತಿದ್ದೇನೆಂದು ಹೇಳಿಕೊಳ್ಳಲು ನಾಚಿಕೆಯಾಗಿ, ಮೊದಲ ತಿಂಗಳು ಮನೆಯವರ ಹೊರತು ಯಾರಿಗೂ ಇದನ್ನು ತಿಳಿಸಿರಲಿಲ್ಲ.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ ಬಂದಾಗ ನಮ್ಮ ಕಚೇರಿಯ ಫೋನಿಗೆ ಬಿಡುವೇ ಇರಲಿಲ್ಲ. 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತದೆಂದ ಮೇಲೆ ಮಾರಲು ಕಷ್ಟವೇನಿದೆ ಎಂದು ನಾನೂ ಭಾವಿಸಿದ್ದೆ. ಆದರೆ ಅದಕ್ಕೂ ಮೊದಲೇ, 2023ರಲ್ಲಿ, ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಜಾರಿಗೆ ಬಂದಿತ್ತು. ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಗರಿಷ್ಠ 200 ಯೂನಿಟ್‌ವರೆಗೆ ವಿದ್ಯುತ್ ಉಚಿತವಾಗಿ ಸಿಗುವಾಗ, ಶೂನ್ಯ ಬಿಲ್ ಬರುವ ಮನೆಯವರು ಲಕ್ಷಾಂತರ ರೂಪಾಯಿಯನ್ನು ತಾರಸಿಯ ಮೇಲೆ ಏಕೆ ಹಾಕಬೇಕು? ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲವಾದ್ದರಿಂದ, ಗ್ರಾಹಕರೇ ಎತ್ತುವ ತನಕ ಆ ವಿಷಯವನ್ನು ಮುಟ್ಟದೆ ಸೌರ ಹಲಗೆಗಳ ಗುಣ, ಇನ್ವರ್ಟರ್‌ನ ಗುಣ, 25 ವರ್ಷಗಳ ವಾರಂಟಿ ಎಂದು ಒಂದೇ ಉಸಿರಿನಲ್ಲಿ ಮಾತನಾಡಿ, ಕೊಟೇಶನ್ ಕೊಟ್ಟು ಬರುತ್ತಿದ್ದೆ. ತಿಂಗಳಿಗೆ ನಲವತ್ತು ಕೊಟೇಶನ್ ಕೊಟ್ಟರೆ ಅಡ್ವಾನ್ಸ್ ಕೊಡುತ್ತಿದ್ದವರು ಇಬ್ಬರೋ ಮೂವರೋ.

ಸಂಸ್ಥೆಯಲ್ಲಿ ತರಬೇತಿ ಇರಲಿಲ್ಲವೆಂದಲ್ಲ. ಅಲ್ಲಿ ವಸ್ತುವಿನ ಬಗ್ಗೆ ಕಲಿಸುತ್ತಿದ್ದರು, ತಿಂಗಳ ಕೊನೆಗೆ ಟಾರ್ಗೆಟ್ ಎಷ್ಟಾಯಿತೆಂದು ಕೇಳುತ್ತಿದ್ದರು. ನನ್ನ ಸೋಲನ್ನು ಬಿಡಿಸಿ ಹೇಳಿಕೊಂಡರೆ ಅದೇ ಮುಂದೆ ಇನ್‌ಕ್ರಿಮೆಂಟ್ ಮಾತುಕತೆಯಲ್ಲಿ ಎದುರಿಗೆ ಬರುವ ಭಯವಿರುವಾಗ, ಮೇಲಧಿಕಾರಿಯ ಬಳಿ ಯಾರು ತಾನೇ ಮನಸ್ಸು ಬಿಚ್ಚಿ ಮಾತನಾಡುತ್ತಾರೆ? ಒಮ್ಮೆ ಹೋಟೆಲಿನ ಸಭಾಂಗಣದಲ್ಲಿ ನಡೆದ ಒಂದು ದಿನದ ಶಿಬಿರಕ್ಕೂ ಹೋಗಿದ್ದೆ. ಇನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದೆವು, ಊಟ ಚೆನ್ನಾಗಿತ್ತು.

ನನಗೆ ಪಾಠ ಹೇಳಿದವರು ಮೂವತ್ತು ವರ್ಷ ಮೆಡಿಕಲ್ ರೆಪ್ ಆಗಿ ದುಡಿದು ನಿವೃತ್ತರಾದವರು. ಸೌರ ಹಲಗೆಯ ಬಗ್ಗೆ ಅವರಿಗೆ ಏನೂ ತಿಳಿದಿರಲಿಲ್ಲ, ತಿಳಿದುಕೊಳ್ಳುವ ಆತುರವನ್ನೂ ಅವರು ತೋರಿಸಲಿಲ್ಲ. ರೋಗಿಗಳ ಸಾಲಿನ ನಡುವೆ ಡಾಕ್ಟರು ಕೊಡುವ ಎರಡು ನಿಮಿಷದಲ್ಲಿ ಕೆಲಸ ಮುಗಿಸಿ ಅಭ್ಯಾಸವಿದ್ದ ಅವರು, ನಾನು ಒಂದು ಮನೆಯಲ್ಲಿ ಒಂದೂವರೆ ಗಂಟೆ ಕುಳಿತಿದ್ದೆನೆಂದು ಹೆಮ್ಮೆಯಿಂದ ಹೇಳಿದಾಗ, ‘ಅಷ್ಟು ಹೊತ್ತು ಮನೆಯವರು ಏನು ಹೇಳಿದರು?’ ಎಂದಷ್ಟೇ ಕೇಳಿದರು. ನಾನು ಏನು ಹೇಳಿದೆನೆಂಬುದು ನೆನಪಿತ್ತು, ಅವರು ಏನು ಹೇಳಿದರೆಂಬುದು ನೆನಪಿರಲಿಲ್ಲ. ಅಂದಿನಿಂದ, ಪ್ರತಿ ಭೇಟಿ ಮುಗಿದ ಕೂಡಲೇ ಬೈಕಿನ ಮೇಲೆ ಕುಳಿತೇ ಮನೆಯವರು ಆಡಿದ ಮಾತುಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಶನಿವಾರ ಸಂಜೆ ಅವರ ಮುಂದೆ ಓದಬೇಕಾಗಿತ್ತು. ಮೊದಲ ವಾರ ಆರು ಭೇಟಿಗಳಿಗೆ ಒಟ್ಟು ಮುಕ್ಕಾಲು ಪುಟ ತುಂಬಿತ್ತು.

ಆ ಮುಕ್ಕಾಲು ಪುಟದಲ್ಲಿ ಒಂದು ಸಾಲು ಹೀಗಿತ್ತು: ‘ಹಪ್ಪಳ ಸಂಡಿಗೆ ಎಲ್ಲಿ ಒಣಗಿಸೋದಪ್ಪಾ?’ ಕುವೆಂಪುನಗರದ ಮನೆಯೊಂದರಲ್ಲಿ ನಾನು ಯಜಮಾನರಿಗೆ ನೆಟ್ ಮೀಟರ್ (ಗ್ರಿಡ್‌ನಿಂದ ಪಡೆದ ಮತ್ತು ಗ್ರಿಡ್‌ಗೆ ಕೊಟ್ಟ ವಿದ್ಯುತ್ ಎರಡನ್ನೂ ಅಳೆಯುವ ಮೀಟರ್) ವಿವರಿಸುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೇಳಿದ್ದರು. ನಾನು ನಕ್ಕು, ‘ಜಾಗ ಇರುತ್ತೆ ಬಿಡಿ ಅಜ್ಜಿ’ ಎಂದು ಯಜಮಾನರ ಕಡೆಗೇ ತಿರುಗಿದ್ದೆ. ಅವರು ಆಮೇಲೆ ಫೋನ್ ಎತ್ತಲಿಲ್ಲ. ಬೆಲೆ ಹೆಚ್ಚಾಯಿತೆಂದು ನಾನು ವರದಿ ಬರೆದಿದ್ದೆ. ನಮ್ಮ ಗುರುಗಳು ಆ ಒಂದು ಸಾಲಿನ ಮೇಲೆ ಇಡೀ ಸಂಜೆ ಕಳೆದರು. ಅವರೇ ಅಜ್ಜಿಯಾಗಿ ಕುಳಿತು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಹಲಗೆಗಳನ್ನು ಎಂಟಡಿ ಎತ್ತರಕ್ಕೆ ಏರಿಸಿ ಕೆಳಗಡೆ ಜಾಗ ಬಿಡಬಹುದೆಂದು ನಾನು ಜಾಣತನ ತೋರಿಸಿದಾಗ, ‘ಹಲಗೆಯ ಕೆಳಗೆ ನೆರಳಿರುತ್ತದೆ, ಸಂಡಿಗೆಗೆ ಬೇಕಾದದ್ದು ಬಿಸಿಲು’ ಎಂದು ನನ್ನ ಬಾಯಿ ಮುಚ್ಚಿಸಿದರು. ಅಂದು ಪಟ್ಟ ನಾಚಿಕೆ ಇಂದಿಗೂ ಮಾಸಿಲ್ಲ.

ಗೃಹಜ್ಯೋತಿಯ ವಿಚಾರದಲ್ಲಿ ಅವರು ಹೇಳಿದ್ದು ಇನ್ನೂ ಕಹಿಯಾಗಿತ್ತು. ಬಿಲ್ ನೋಡದೆ ಮಾತು ಆರಂಭಿಸಬಾರದು, ಶೂನ್ಯ ಬಿಲ್ ಇರುವ ಮನೆಯಾದರೆ ನಮಸ್ಕಾರ ಹೇಳಿ ಎದ್ದು ಬರಬೇಕು. ಟಾರ್ಗೆಟ್ ತಲೆಯ ಮೇಲೆ ಕುಳಿತಿರುವಾಗ ಇದು ಸುಲಭವಲ್ಲ. ಆದರೆ ಬಿಲ್ ಕೈಗೆತ್ತಿಕೊಂಡಾಗ ಸಂಗತಿಗಳು ತಾವಾಗಿ ಬೇರೆಬೇರೆಯಾಗತೊಡಗಿದವು. ಬೇಸಿಗೆಯಲ್ಲಿ ಏಸಿ ಹಾಕಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗಿ ಬಂದವರು, ವಿದ್ಯುತ್ ಸ್ಕೂಟರ್ ಕೊಳ್ಳಲು ಹೊರಟವರು, ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟು ಎರಡೆರಡು ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇರುವವರು, ಇವರ ಲೆಕ್ಕಗಳೇ ಬೇರೆ. 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದರೂ 3 ಕಿಲೋವ್ಯಾಟ್ ಘಟಕ ತಿಂಗಳಿಗೆ ಸುಮಾರು 360 ಯೂನಿಟ್ ಕೊಡುತ್ತದೆ. ಅಷ್ಟು ಬಳಕೆಯೇ ಇಲ್ಲದ ಮನೆಗೆ ಅದನ್ನು ಮಾರುವುದು ಮಾರಾಟವೇ ಅಲ್ಲವೆಂದು ನನಗೀಗ ಅನ್ನಿಸುತ್ತದೆ.

ಈ ಪಾಠದಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಬೆಲೆ ಇಳಿಸಿರೆಂದು ಹಟ ಹಿಡಿಯುವವರ ಮುಂದೆ ನಾನು ಈಗಲೂ ಬೇಗ ಸೋಲುತ್ತೇನೆ, ಮತ್ತು ಔಷಧ ಮಾರಿದವರ ಅನುಭವ ಅಲ್ಲಿ ಅಷ್ಟಾಗಿ ನೆರವಿಗೆ ಬರಲಿಲ್ಲ. ಕೊಟೇಶನ್‌ಗಳು ತಿಂಗಳಿಗೆ ಇಪ್ಪತ್ತಕ್ಕೆ ಇಳಿದಿವೆ, ಅವುಗಳಲ್ಲಿ ನಾಲ್ಕೈದು ಕೈಗೂಡುತ್ತಿವೆ.

ಪಾಠದ ಒಂಬತ್ತನೆಯ ವಾರದಲ್ಲಿ, ಗುರುಗಳು ಒತ್ತಾಯಿಸಿದ್ದರಿಂದ, ಕುವೆಂಪುನಗರದ ಆ ಮನೆಗೆ ಮತ್ತೆ ಹೋದೆ. ಬೇರೆ ಸಂಸ್ಥೆಯವರು ಆಗಲೇ ಘಟಕ ಕೂರಿಸಿದ್ದರು. ಮೆಟ್ಟಿಲು ಕೋಣೆ ಮತ್ತು ನೀರಿನ ಟ್ಯಾಂಕಿನ ಮೇಲೆ ಹಲಗೆಗಳನ್ನು ಎತ್ತರಿಸಿ ಕಟ್ಟಿ, ಮುಂದಿನ ಅರ್ಧ ತಾರಸಿಯನ್ನು ಬಿಸಿಲಿಗೆ ಬಿಟ್ಟಿದ್ದರು. ಅಲ್ಲಿ ಹಳೆಯ ಸೀರೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಅಜ್ಜಿ ಕಾಫಿ ಕೊಟ್ಟರು. ಹಲಗೆಗಳು 300 ಚದರ ಅಡಿ ಹಿಡಿಯುತ್ತವೆಂಬ ಲೆಕ್ಕ ನನ್ನ ಕೊಟೇಶನ್‌ನಲ್ಲಿಯೂ ಇತ್ತು, ಮನೆಯವರಿಗೆ ಉಳಿಯುವ ಜಾಗದ ಲೆಕ್ಕ ಮಾತ್ರ ಇರಲಿಲ್ಲ. ಈಗ ಆ ಸಾಲು ಮೊದಲ ಪುಟದಲ್ಲಿಯೇ ಇದೆ.