ತಕ್ಕಡಿಗೆ ಹಾಕುವ ತರಕಾರಿ

ಅಂಗನವಾಡಿಯಲ್ಲಿ ಕೆಲಸ ಮಾಡುವವರಿಗೆ ಶನಿವಾರ ಮಧ್ಯಾಹ್ನವೆಂದರೆ ವಹಿಗಳ ಹೊತ್ತು. ಮಕ್ಕಳನ್ನು ಮನೆಗೆ ಕಳುಹಿಸಿ, ಸಹಾಯಕಿ ಅಕ್ಕ ಪಾತ್ರೆ ತೊಳೆದು ಬೋರಲು ಹಾಕುವಷ್ಟರಲ್ಲಿ ಹಾಜರಾತಿ, ಆಹಾರ ದಾಸ್ತಾನು, ಮೊಟ್ಟೆ ಮತ್ತು ಹಾಲಿನ ಪುಡಿಯ ಲೆಕ್ಕ, ಮನೆ ಭೇಟಿಯ ವಿವರ ಎಲ್ಲವನ್ನೂ ಬರೆದು ಮುಗಿಸಿದ ಮೇಲೆ, ಕಟ್ಟಕಡೆಗೆ ನನ್ನ ಕೈಗೆ ಬರುತ್ತಿದ್ದುದು ಶಾಲಾಪೂರ್ವ ಶಿಕ್ಷಣದ ಪ್ರಗತಿ ಪಟ್ಟಿ. ದೈಹಿಕ, ಭಾಷೆ, ಬೌದ್ಧಿಕ, ಸಾಮಾಜಿಕ-ಭಾವನಾತ್ಮಕ, ಸೃಜನಾತ್ಮಕ ಎಂದು ಅದರಲ್ಲಿ ಐದು ಭಾಗಗಳಿವೆ. ಪ್ರತಿ ಭಾಗದಲ್ಲೂ ನಾಲ್ಕಾರು ಸಾಲು, ಪ್ರತಿ ಸಾಲಿನ ಮುಂದೆ ‘ಸ್ವತಃ ಮಾಡುತ್ತದೆ’, ‘ಸಹಾಯದಿಂದ ಮಾಡುತ್ತದೆ’, ‘ಇನ್ನೂ ಕಲಿಯಬೇಕಿದೆ’ ಎಂಬ ಮೂರು ಮನೆಗಳು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಹೆಸರಿನ ಮುಂದೆ ಇಡೀ ವಾರವನ್ನು ನೆನಪಿನಿಂದ ಹೆಕ್ಕಿ ಟಿಕ್ ಹಾಕುವಾಗ ಯಾರು ನೆನಪಾಗುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಡಿಗೆ ಮೊದಲು ಎದ್ದು ನಿಲ್ಲುವವನು, ಅತ್ತವಳು, ಹೊಡೆದವನು, ಬಿದ್ದವನು ನೆನಪಾಗುತ್ತಾರೆ. ಚಾಪೆಯ ಅಂಚಿನಲ್ಲಿ ಕೂತು ಏನನ್ನೋ ಜೋಡಿಸುತ್ತಿದ್ದ ಮಗುವಿಗೆ, ಕಳೆದ ವಾರ ಯಾವ ಮನೆಯಲ್ಲಿ ಟಿಕ್ ಇತ್ತೋ ಅದೇ ಮನೆಯಲ್ಲಿ ಈ ವಾರವೂ ಬೀಳುತ್ತದೆ.

ಈ ಪಟ್ಟಿಯ ಸ್ವಭಾವ ಹೀಗಾಗಿರುವುದಕ್ಕೆ ಒಂದು ಕಾರಣವಿದೆ ಎಂದು ನನಗೆ ಅನ್ನಿಸುತ್ತದೆ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಅದನ್ನು ಮೊದಲು ಕಂಡ ಟಿ. ನರಸೀಪುರದಿಂದ ಹಿಡಿದು ಇಂದಿನವರೆಗೆ, ಕೇಂದ್ರಕ್ಕೆ ಬರುವ ಅಧಿಕಾರಿ ಮೊದಲು ಕೇಳುವುದು ತೂಕದ ವಹಿಯನ್ನೇ. ತೂಕದಲ್ಲಿ ತಕರಾರಿಲ್ಲ. ನಾಲ್ಕು ವರ್ಷ ತುಂಬಿದ ಹೆಣ್ಣು ಮಗು 12.3 ಕಿಲೋಗಿಂತ ಕಡಿಮೆ ತೂಗಿದರೆ ಬೆಳವಣಿಗೆಯ ನಕ್ಷೆಯಲ್ಲಿ ಗೆರೆ ಹಸಿರಿನಿಂದ ಕೆಳಗಿಳಿಯುತ್ತದೆ, ಅದನ್ನು ಯಾರು ನೋಡಿದರೂ ಒಂದೇ ಅರ್ಥ ಬರುತ್ತದೆ. ಕಲಿಕೆಯನ್ನೂ ಅದೇ ಬಗೆಯಲ್ಲಿ ಮನೆಗಳೊಳಗೆ ಕೂರಿಸಲು ಹೊರಟಾಗ ಮಾತ್ರ ಮಗು ಏನು ಮಾಡಿತು ಎಂಬುದು ಹೊರಗುಳಿದು, ನಾವು ಕೇಳಿದ್ದನ್ನು ಮಾಡಿತೇ ಇಲ್ಲವೇ ಎಂಬುದಷ್ಟೇ ಒಳಗೆ ಬರುತ್ತದೆ. ಇದು ಇಷ್ಟು ಸ್ಪಷ್ಟವಾಗಿ ನನಗೆ ಕಂಡದ್ದು ತರಕಾರಿ ವಾರದ ಶುಕ್ರವಾರದಂದು.

ತರಕಾರಿ ವಾರ ನನಗೆ ಇಷ್ಟವಾದ ವಾರಗಳಲ್ಲೊಂದು, ಏಕೆಂದರೆ ಅದಕ್ಕೆ ಇಲಾಖೆಯ ಕಿಟ್ ಬರಲಿ ಎಂದು ಕಾಯಬೇಕಾಗಿಲ್ಲ. ಸೋಮವಾರ ಮಕ್ಕಳು ಮನೆಯಿಂದ ಒಂದೊಂದು ತರಕಾರಿ ತಂದು ಅದರ ಬಗ್ಗೆ ಮಾತನಾಡಿದರು. ಮಂಗಳವಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮುಟ್ಟಿ, ಮೂಸಿ ಗುರುತಿಸುವ ಆಟವಾಯಿತು. ಬುಧವಾರ ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಅಚ್ಚು ಒತ್ತಿದ್ದರಿಂದ ಗೋಡೆಯಲ್ಲಿ ಇಂದಿಗೂ ಎರಡು ಹೂವುಗಳು ಉಳಿದಿವೆ. ಗುರುವಾರ ವರ್ಗೀಕರಣ: ಕೆಂಪು ಒಂದು ತಟ್ಟೆಗೆ, ಹಸಿರು ಒಂದು ತಟ್ಟೆಗೆ, ಬಿಳಿ ಒಂದು ತಟ್ಟೆಗೆ. ಶುಕ್ರವಾರ ತಾಯಂದಿರನ್ನು ಕರೆಸಿ ಇಸಿಸಿಇ (ಪೂರ್ವ ಬಾಲ್ಯಾವಸ್ಥೆಯ ಆರೈಕೆ ಮತ್ತು ಶಿಕ್ಷಣ) ದಿನ. ವಾರದ ಐದು ದಿನ ಹೊಸ ಚಟುವಟಿಕೆ ನಡೆಸಿ ಆರನೆಯ ದಿನ ಮತ್ತೆ ನೋಡುವ ಈ ಕ್ರಮವನ್ನು ಹೊಸ ಪಠ್ಯಕ್ರಮವೂ ಇಟ್ಟುಕೊಂಡಿದೆ. ವರ್ಷದ 48 ವಾರಗಳಲ್ಲಿ 4 ವಾರ ಮಕ್ಕಳನ್ನು ಕೇಂದ್ರಕ್ಕೆ ಒಗ್ಗಿಸಲು, 36 ವಾರ ಆಡಿ ಕಲಿಯಲು, 8 ವಾರ ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳಲು ಎಂದು ಅದರಲ್ಲಿ ಹಂಚಿಕೆ ಮಾಡಲಾಗಿದೆ. ಕಾಗದದ ಮೇಲೆ ಒಳ್ಳೆಯ ಹಂಚಿಕೆಯೇ. ಅದರ ನಡುವೆ ಪಲ್ಸ್ ಪೋಲಿಯೋ, ಮತದಾರರ ಪಟ್ಟಿ ಮತ್ತು ಸಮೀಕ್ಷೆಗಳು ಯಾವ ವಾರಗಳನ್ನು ನುಂಗುತ್ತವೆ ಎಂಬುದನ್ನು ಮಾತ್ರ ಯಾರೂ ಬರೆದಿಲ್ಲ.

ಆ ಶುಕ್ರವಾರ ಮೇಲ್ವಿಚಾರಕಿಯವರ ಜೊತೆಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಡಂ ಕೂಡ ಬರುತ್ತಾರೆಂಬ ಸುದ್ದಿ ತಿಳಿದದ್ದು ಬೆಳಿಗ್ಗೆ ಒಲೆ ಹಚ್ಚಿದ ಮೇಲೆ. ತಾಯಂದಿರು ಗೋಡೆಗೆ ಒರಗಿ ಕೂತಿದ್ದರು. ನಾನು ಮುಂದಿನ ಸಾಲಿನಲ್ಲಿ ಚೂಟಿ ಹುಡುಗನೊಬ್ಬನನ್ನು ಕೂರಿಸಿಕೊಂಡಿದ್ದೆ. ಗುರುವಾರ ಮೂರು ತಟ್ಟೆಗಳನ್ನೂ ತಪ್ಪಿಲ್ಲದೆ ತುಂಬಿಸಿದ್ದವನು ಅವನೇ. ಹಾಗೆ ಕೂರಿಸಿಕೊಳ್ಳದ ಕಾರ್ಯಕರ್ತೆ ಇದ್ದರೆ ನಾನು ಅವರನ್ನು ಒಮ್ಮೆ ನೋಡಬೇಕು. ಆದರೆ ಸಿಡಿಪಿಒ ಮೇಡಂ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತು, ಪ್ರಗತಿ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ವರ್ಗೀಕರಣದ ಸಾಲಿನಲ್ಲಿ ‘ಇನ್ನೂ ಕಲಿಯಬೇಕಿದೆ’ ಎಂದಿದ್ದ ಹೆಸರೊಂದರ ಮೇಲೆ ಬೆರಳಿಟ್ಟು, “ಈ ಮಗು ಯಾವುದು?” ಎಂದು ಕೇಳಿದರು. ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿಯ ಮೊಮ್ಮಗಳದು. ಕೇಂದ್ರಕ್ಕೆ ಬಂದಾಗಿನಿಂದಲೂ ಕೇಳಿದ್ದಕ್ಕೆ ತಲೆಯಾಡಿಸಿಯೇ ಉತ್ತರ ಕೊಡುವ ಮಗು.

ತಟ್ಟೆಯಲ್ಲಿ ಟೊಮೆಟೊ, ಬದನೆಕಾಯಿ, ಈರುಳ್ಳಿ, ಆಲೂಗಡ್ಡೆ, ನಿಂಬೆಹಣ್ಣು, ನುಗ್ಗೆಕಾಯಿ, ಎಲೆ ಸಮೇತ ಮೂಲಂಗಿ ಮತ್ತು ಒಂದು ಹಿಡಿ ಕೊತ್ತಂಬರಿ ಸೊಪ್ಪು ಇದ್ದವು. “ಬೇರೆ ಬೇರೆ ಮಾಡಿ ಇಡಮ್ಮ” ಎಂದಷ್ಟೇ ಹೇಳಿ ಮೇಡಂ ಸುಮ್ಮನಾದರು. ಹುಡುಗಿ ಟೊಮೆಟೊ ತೆಗೆದು ಎಡಕ್ಕಿಟ್ಟಳು. ಬದನೆಕಾಯಿಯನ್ನೂ ಅದರ ಪಕ್ಕದಲ್ಲೇ ಇಟ್ಟಳು. ಈರುಳ್ಳಿ, ಆಲೂಗಡ್ಡೆಗಳೂ ಅಲ್ಲಿಗೇ ಹೋದವು. ನಿಂಬೆಹಣ್ಣು, ನುಗ್ಗೆಕಾಯಿ, ಮೂಲಂಗಿ ಬಲಕ್ಕೆ ಬಂದವು. ಮೇಲ್ವಿಚಾರಕಿಯವರು ನನ್ನ ಕಡೆ ನೋಡಿದರು. ನಾನು ತಡೆಯಲಾರದೆ, “ಬಣ್ಣ ನೋಡು ಪುಟ್ಟಿ, ಕೆಂಪು ಒಂದು ಕಡೆ, ಹಸಿರು ಒಂದು ಕಡೆ” ಎಂದು ಮುಂದೆ ಬಾಗಿ, ಟೊಮೆಟೊವನ್ನು ನಾನೇ ಎತ್ತಿ ಬೇರೆಯಾಗಿ ಇಟ್ಟೆ. ಅವಳು ನನ್ನ ಮುಖ ನೋಡಲಿಲ್ಲ. ಟೊಮೆಟೊವನ್ನು ಎತ್ತಿ, ಅದು ಮೊದಲಿದ್ದ ಜಾಗಕ್ಕೇ ತಂದಿಟ್ಟಳು. ನಾನು ಮತ್ತೆ ಕೈ ಚಾಚಿದಾಗ ಸಿಡಿಪಿಒ ಮೇಡಂ ತಲೆಯೆತ್ತದೆಯೇ ಒಂದು ಬೆರಳನ್ನು ಮೇಲೆತ್ತಿದರು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಸೀರೆಯ ಸೆರಗನ್ನು ಸರಿಮಾಡಿಕೊಂಡೆ.

ಹುಡುಗಿ ಈಗ ಕೊತ್ತಂಬರಿ ಸೊಪ್ಪನ್ನು ಹಿಡಿದು ಕೂತಿದ್ದಳು, ಇಡಲೊಲ್ಲಳು. ಹಿಂದಿನಿಂದ ಮೇಲ್ವಿಚಾರಕಿಯವರು ಪಿಸುದನಿಯಲ್ಲಿ “ಬೇರೆ ಮಗೂನ ಕರೀರಿ ಟೀಚರ್” ಎಂದರು. ಕರೆಯುವ ಅಗತ್ಯವೇ ಬೀಳಲಿಲ್ಲ. ಚೂಟಿ ಹುಡುಗ ಆಗಲೇ ಎದ್ದು ಬಂದು, ಅಲ್ಲಿದ್ದ ಇನ್ನೊಂದು ಬುಟ್ಟಿಯಲ್ಲಿನ ತರಕಾರಿಗಳನ್ನು ಕೆಂಪು, ಹಸಿರು, ಬಿಳಿ ಎಂದು ಕೂಗುತ್ತ ವಿಂಗಡಿಸಿ ಮುಗಿಸಿದ್ದ. ತಾಯಂದಿರು ಚಪ್ಪಾಳೆ ತಟ್ಟಿದರು, ಮೇಲ್ವಿಚಾರಕಿಯವರು ಫೋಟೋ ತೆಗೆದುಕೊಂಡರು. ಅಷ್ಟಕ್ಕೆ ಕಾರ್ಯಕ್ರಮ ಚೆನ್ನಾಗಿಯೇ ಮುಗಿಯಬಹುದಿತ್ತು. ಚಪ್ಪಾಳೆ ನಿಂತ ಮೇಲೆ ಸಿಡಿಪಿಒ ಮೇಡಂ ಮತ್ತೆ ಹುಡುಗಿಯ ಕಡೆ ತಿರುಗಿ, “ಇವನ್ನೆಲ್ಲ ಯಾಕಮ್ಮ ಒಟ್ಟಿಗೆ ಇಟ್ಟಿದ್ದೀಯ?” ಎಂದು ಕೇಳಿದರು. ಅವಳು ಬಾಯಿ ಬಿಡುವ ಮಗುವಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂತು:

“ಇವು ತಕ್ಕಡೀಗ್ ಹಾಕೋವು. ಇವು ಹಂಗೇ ಕೊಡೋವು.”

“ನಿಂಬೆಹಣ್ಣು?”

“ಹತ್ತುರುಪಾಯ್ಗೆ ಮೂರು.”

“ಮತ್ತೆ ಕೊತ್ತಂಬರಿ ಯಾಕೆ ಕೈಯಲ್ಲೇ ಇದೆ?”

“ಕಟ್ಟೇ ಕಟ್ಟಿಲ್ಲ.”

ತಾಯಂದಿರೆಲ್ಲ ನಕ್ಕರು. ಆ ನಗುವಿನಲ್ಲಿ ಗೇಲಿಯಿರಲಿಲ್ಲ, ಮೆಚ್ಚುಗೆಯಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು, ಮತ್ತು ಯಾರ ಮೇಲೆ ಎಂಬುದನ್ನು ತೀರ್ಮಾನಿಸಲು ಆಗಿರಲಿಲ್ಲ. ತೂಗಿ ಮಾರುವವು ಮತ್ತು ಎಣಿಸಿಯೋ ಕಟ್ಟಿನ ಲೆಕ್ಕದಲ್ಲೋ ಮಾರುವವು ಎಂಬುದು ಬಣ್ಣಕ್ಕಿಂತ ಕಠಿಣವಾದ ವರ್ಗೀಕರಣ. ಬಣ್ಣ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ತಲೆಯಲ್ಲೇ ಹಿಡಿದುಕೊಳ್ಳಬೇಕು. ಹಿಂದಿನ ದಿನ ಗುರುವಾರವೂ ಅವಳು ಬಹುಶಃ ಇದನ್ನೇ ಮಾಡಿದ್ದಳು. ಮೂರು ತಟ್ಟೆ ಕೊಟ್ಟಿದ್ದರೂ ಅವಳು ಎರಡನ್ನೇ ಬಳಸಿದ್ದಳೆಂಬುದು ನನಗೆ ಚೆನ್ನಾಗಿ ನೆನಪಿತ್ತು, ಆ ಎರಡರಲ್ಲಿ ಏನೇನಿತ್ತು ಎಂಬುದು ನೆನಪಿರಲಿಲ್ಲ.

ಮೇಡಂ ಹೊರಡುವಾಗ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಪಟ್ಟಿಯನ್ನು ಹಿಂತಿರುಗಿಸುತ್ತ “ಟಿಕ್ ಹಾಕಿದ್ದೀರಿ, ಏನು ನೋಡಿ ಹಾಕಿದಿರಿ ಅಂತ ಎಲ್ಲೂ ಇಲ್ಲವಲ್ಲ” ಎಂದರು. ಅದನ್ನು ಬರೆಯಲು ಜಾಗವೇ ಇಲ್ಲ ಎಂದು ನಾನು ಹೇಳಿದ್ದು ಎದುರುತ್ತರದಂತೆ ಕೇಳಿಸಿರಬೇಕು, ಏಕೆಂದರೆ ಮೇಲ್ವಿಚಾರಕಿಯವರು ಸಂಜೆ ಫೋನ್ ಮಾಡಿ ಮೊದಲು ಅದನ್ನೇ ಎತ್ತಿಕೊಂಡರು. ಆಮೇಲೆ ಹೇಳಿದ ವಿಷಯ ನನ್ನನ್ನು ಇನ್ನೂ ಕಾಡುತ್ತಿದೆ: ಆ ಮಗುವಿನ ಟಿಕ್ಕನ್ನು ‘ಸ್ವತಃ ಮಾಡುತ್ತದೆ’ ಮನೆಗೆ ಬದಲಾಯಿಸಬೇಕು, ವೈಟ್ನರ್ ಹಾಕಬಾರದು, ಹೊಸ ಹಾಳೆಯಲ್ಲಿ ಬರೆಯಬೇಕು. ಅಲ್ಲಿಗೆ ಪ್ರಕರಣ ಮುಗಿದಂತೆ. ಮಗುವಿನ ಬಗ್ಗೆ ನಮಗೆ ತಿಳಿದಿರುವುದಕ್ಕೂ ಟಿಕ್ಕಿಗೂ ಇದ್ದ ದೂರ ಹಾಗೇ ಉಳಿಯಿತು. ಬದಲಾದದ್ದು ಟಿಕ್ ಕೂತಿದ್ದ ಮನೆಯೊಂದೇ.

ಏಕೆಂದರೆ ಆ ಹುಡುಗಿಗೆ ಬಣ್ಣ ಗೊತ್ತಿದೆಯೇ ಇಲ್ಲವೇ ಎಂಬುದು ಶುಕ್ರವಾರದಿಂದ ತಿಳಿಯಲಿಲ್ಲ. ಸೋಮವಾರ ಮಣಿಗಳ ಡಬ್ಬಿ ತೆಗೆದು ಕೆಂಪು ಕೊಡು, ಹಳದಿ ಕೊಡು ಎಂದು ಕೇಳಿದಾಗ ಎಲ್ಲವನ್ನೂ ಸರಿಯಾಗಿ ಕೊಟ್ಟಳು. ನೇರಳೆಯನ್ನು ಮಾತ್ರ “ಬದ್ನೆಕಾಯ್ ಬಣ್ಣ” ಎಂದಳು. ಅದು ಊರಿನ ಮುಕ್ಕಾಲು ಪಾಲು ಜನ ಹೇಳುವ ಹೆಸರೇ. ಅದೇ ದಿನ ಚೂಟಿ ಹುಡುಗನ ಮುಂದೆ ಹುಣಸೆ ಬೀಜ, ಹೊಂಗೆ ಬೀಜ, ಸೀತಾಫಲದ ಬೀಜಗಳನ್ನು ಸುರಿದೆ. ಅವುಗಳ ಬಣ್ಣ ಹೆಚ್ಚುಕಡಿಮೆ ಒಂದೇ. ಆಕಾರ, ಗಾತ್ರ, ನುಣುಪು ನೋಡಿ ಬೇರೆ ಮಾಡಬೇಕು. ಅವನು ಬೀಜಗಳನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ ಕೂತ. ತರಕಾರಿಗಳನ್ನು ಹಾಗೆ ಯಾಕೆ ಇಟ್ಟಿದ್ದೆ ಎಂದು ಕೇಳಿದ್ದಕ್ಕೆ “ನೀವೇ ಹೇಳಿದ್ರಲ್ಲ ಟೀಚರ್” ಎಂದ. ಅವನ ಹೆಸರಿನ ಮುಂದೆ ವರ್ಗೀಕರಣದಲ್ಲಿ ಜೂನ್‌ನಿಂದಲೂ ‘ಸ್ವತಃ ಮಾಡುತ್ತದೆ’ ಎಂದೇ ಇತ್ತು. ಅವನದು ದಡ್ಡತನವಲ್ಲ. ನಾನು ಏನನ್ನು ಮೆಚ್ಚುತ್ತೇನೆ ಎಂಬುದನ್ನು ಅವನು ಬಹಳ ಚೆನ್ನಾಗಿ ಕಲಿತಿದ್ದ.

ಅಂದಿನಿಂದ ನಡೆಸಿಕೊಂಡು ಬಂದಿರುವುದು ಇಷ್ಟೇ. ಮುಕ್ತ ಆಟದ ಹೊತ್ತಿನಲ್ಲಿ ಎಲ್ಲ ಮಕ್ಕಳನ್ನೂ ನೋಡಲು ಹೋಗದೆ, ದಿನಕ್ಕೆ ನಾಲ್ಕು ಮಕ್ಕಳನ್ನು ಮಾತ್ರ ನೋಡಿ, ಒಬ್ಬೊಬ್ಬರಿಗೆ ಒಂದೊಂದು ಸಾಲು ಸಣ್ಣ ಪುಸ್ತಕದಲ್ಲಿ ಬರೆಯುತ್ತೇನೆ. ವಾರ ಮುಗಿಯುವುದರೊಳಗೆ ಎಲ್ಲರೂ ಒಂದು ಸುತ್ತು ಬರುತ್ತಾರೆ. ಬರೆಯುವುದು ಮಾಡಿದ್ದನ್ನು ಮತ್ತು ಆಡಿದ ಮಾತನ್ನು; ‘ಚೆನ್ನಾಗಿದೆ’, ‘ಚುರುಕು’, ‘ಮಂಕು’ ಎಂಬ ಪದಗಳಿಗೆ ಪ್ರವೇಶವಿಲ್ಲ. “ಬ್ಲಾಕ್ ಮೂಲೆಯಲ್ಲಿ ಕೊಟ್ಟಿಗೆ ಕಟ್ಟಿದ, ಬಾಗಿಲು ಚಿಕ್ಕದಾಯಿತೆಂದು ಎಮ್ಮೆಗಾಗಿ ಕೆಡವಿ ಮತ್ತೆ ಕಟ್ಟಿದ.” “ಗೊಂಬೆಗೆ ಚುಚ್ಚುಮದ್ದು ಹಾಕಿಸಿ, ಜ್ವರ ಬಂದರೆ ಅರ್ಧ ಮಾತ್ರೆ ಎಂದಳು.” ಶನಿವಾರ ಟಿಕ್ ಹಾಕುವ ಮೊದಲು ಈ ಸಾಲುಗಳನ್ನು ಓದುತ್ತೇನೆ. ಸಾಲಿಲ್ಲದ ಮಗುವಿಗೆ ಟಿಕ್ ಹಾಕದೆ ಮುಂದಿನ ವಾರದ ಮೊದಲ ನಾಲ್ಕರಲ್ಲಿ ಸೇರಿಸಿಕೊಳ್ಳುತ್ತೇನೆ. ಗುರುವಾರದ ವರ್ಗೀಕರಣದಲ್ಲಿ ತಟ್ಟೆಗಳನ್ನು ಮೊದಲೇ ಕೊಡುವುದನ್ನು ಬಿಟ್ಟಿದ್ದೇನೆ. ಮೊದಲು ಮಕ್ಕಳು ತಮಗೆ ತೋಚಿದಂತೆ ಬೇರೆ ಮಾಡುತ್ತಾರೆ, ನಾನು ಯಾಕೆ ಎಂದು ಕೇಳುತ್ತೇನೆ, ಬಣ್ಣದ ತಟ್ಟೆ ಆಮೇಲೆ ಬರುತ್ತದೆ. ಇದರಿಂದ ಚಟುವಟಿಕೆಗೆ ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ಸಹಾಯಕಿ ಅಕ್ಕ ರಜೆಯಲ್ಲಿದ್ದ ದಿನ ಇದು ನಡೆಯುವುದೇ ಇಲ್ಲ. ಮುಕ್ತ ಆಟದ ನಡುವೆಯೇ ಆ್ಯಪ್‌ಗೆ ಫೋಟೋ ಹಾಕಬೇಕಾಗಿ ಬಂದು, ಕೊಟ್ಟ ಫೋನು ಕಾದು ತಾನಾಗಿಯೇ ಆರಿಹೋಗುವ ದಿನಗಳಲ್ಲಿ ನಾಲ್ಕು ಮಕ್ಕಳು ಎರಡಾಗುತ್ತಾರೆ.

ತಾಯಂದಿರ ಕಡೆಯ ಒತ್ತಾಯ ಬೇರೆಯೇ ಇದೆ. ಕಾನ್ವೆಂಟಿಗೆ ಹೋಗುವ ಪಕ್ಕದ ಮನೆಯ ಮಗು ಎಬಿಸಿಡಿ ಪೂರ್ತಿ ಬರೆಯುವಾಗ ನಮ್ಮ ಮಗು ಬೀಜ ಎಣಿಸುತ್ತ ಕೂತಿದೆ ಎಂಬ ಮಾತು ನನಗೆ ಹೊಸದಲ್ಲ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನವನ್ನು ವಿರೋಧಿಸಿ 2024ರಲ್ಲಿ ನಾವೆಲ್ಲ ಬೀದಿಗಿಳಿದಾಗಲೂ ಜನ ಕೇಳಿದ್ದು ಇದನ್ನೇ: ನಿಮ್ಮಲ್ಲಿ ಏನು ಕಲಿಸುತ್ತೀರಿ? ಆ ಪ್ರಶ್ನೆಗೆ ಪ್ರಗತಿ ಪಟ್ಟಿಯನ್ನು ತೋರಿಸಿ ಉತ್ತರ ಕೊಡಲು ಆಗುವುದಿಲ್ಲ. ಮೂರು ಮನೆಗಳ ಟಿಕ್ಕನ್ನು ನೋಡಿ ಯಾವ ತಾಯಿಯೂ ತನ್ನ ಮಗು ಬೆಳೆದಿದೆ ಎಂದುಕೊಳ್ಳುವುದಿಲ್ಲ. ಈಗ ಇಸಿಸಿಇ ದಿನ ಆ ಸಣ್ಣ ಪುಸ್ತಕದಿಂದ ಅವರವರ ಮಗುವಿನ ಸಾಲುಗಳನ್ನು ಓದಿ ಹೇಳುತ್ತೇನೆ. ಕೊಟ್ಟಿಗೆಯ ಬಾಗಿಲಿನ ಕಥೆ ಕೇಳಿದ ತಂದೆಯೊಬ್ಬರು ಬರವಣಿಗೆಯ ವಿಷಯವನ್ನೇ ಎತ್ತದೆ ಹೋದರು, ಮತ್ತೊಬ್ಬರು ಪೂರ್ತಿ ಕೇಳಿ, “ಅದೆಲ್ಲ ಸರಿ ಟೀಚರ್, ಬರೆಯೋದು ಯಾವಾಗ?” ಎಂದರು.

ಸುತ್ತಲಿನ ಅಂಗನವಾಡಿಗಳ ವೃತ್ತ ಸಭೆಯಲ್ಲಿ ಪಟ್ಟಿಗೆ ‘ಮಗು ಹೇಳಿದ ಕಾರಣ’ ಎಂಬ ಒಂದು ಕಾಲಂ ಸೇರಿಸಬೇಕೆಂದು ಕೇಳಿದ್ದೇನೆ. ನಮೂನೆ ಮೇಲಿನಿಂದ ಬರುವುದು, ಇಲ್ಲಿ ಕೈ ಹಾಕಲು ಬರುವುದಿಲ್ಲ, ಬೇಕಿದ್ದರೆ ಹಿಂಬದಿಯಲ್ಲಿ ಬರೆದುಕೊಳ್ಳಿ ಎಂಬ ಉತ್ತರ ಬಂತು. ಹಿಂಬದಿಯಲ್ಲಿ ಮುಂದಿನ ತಿಂಗಳ ಪಟ್ಟಿ ಮುದ್ರಣವಾಗಿದೆ. ಸಣ್ಣ ಪುಸ್ತಕದ ಖರ್ಚನ್ನು ಯಾವ ಶೀರ್ಷಿಕೆಯಡಿ ಹಾಕಬೇಕು ಎಂದು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.